ಬಣ್ಣದ ಪದರಗಳ ಕೆಳಗೆ

೧೪೯೮ನೆಯ ಇಸವಿಯ ಏಪ್ರಿಲ್ ೨೬ರಂದು ಇಟಲಿಯ ಮಾಂಟುವಾ ಸಂಸ್ಥಾನದ ಒಡತಿ ಇಸಬೆಲ್ಲಾ ದೆಸ್ತೆ ಎಂಬಾಕೆ ಮಿಲಾನ್ ನಗರದ ಚೆಚೀಲಿಯಾ ಗಲ್ಲೆರಾನಿಗೆ ಒಂದು ಪತ್ರವನ್ನು ಬರೆದಳು. ಜೊವಾನ್ನಿ ಬೆಲ್ಲೀನಿ ಎಂಬ ಚಿತ್ರಕಾರನು ರಚಿಸಿದ ಕೆಲವು ಭಾವಚಿತ್ರಗಳನ್ನು ತಾನು ಈಚೆಗೆ ನೋಡಿರುವುದಾಗಿಯೂ, ಅವುಗಳನ್ನು ಲಿಯೊನಾರ್ಡೊ ಡಾ ವಿಂಚಿಯ ಕೃತಿಯೊಡನೆ ಹೋಲಿಸಿ ನೋಡುವ ಆಸೆಯಾಗಿರುವುದಾಗಿಯೂ ತಿಳಿಸಿ, ಆತನು ಬರೆದಿದ್ದ ಚೆಚೀಲಿಯಾಳ ಚಿತ್ರವನ್ನು ಸ್ವಲ್ಪ ಕಾಲ ಎರವಾಗಿ ಕಳುಹಿಸಬೇಕೆಂದು ಕೇಳಿಕೊಂಡಳು. ಮೂರು ದಿನಗಳ ತರುವಾಯ ಚೆಚೀಲಿಯಾ ಉತ್ತರ ಬರೆದಳು. ಚಿತ್ರವನ್ನು ಕಳುಹಿಸುತ್ತಿದ್ದೇನೆ, ಆದರೆ ಅದು ಈಗ ನನ್ನನ್ನು ಹೋಲುವುದಿಲ್ಲ, ಅದು ಚಿತ್ರಕಾರನ ದೋಷವಲ್ಲ, ಅವನಿಗೆ ಸಮಾನರಾದವರು ಇಲ್ಲವೆಂದೇ ನನ್ನ ನಂಬಿಕೆ, ಚಿತ್ರವನ್ನು ಬರೆದಾಗ ನನ್ನದು ಇನ್ನೂ ಬಲಿಯದ ವಯಸ್ಸು, ಅಲ್ಲಿಂದೀಚೆಗೆ ನಾನು ಪೂರ್ತಿಯಾಗಿ ಬದಲಾಗಿಬಿಟ್ಟಿದ್ದೇನೆ—ಇದು ಆ ಉತ್ತರದ ಸಾರಾಂಶ. ಅದನ್ನು ಬರೆಯುವಾಗ ಆಕೆಗೆ ಸುಮಾರು ಇಪ್ಪತ್ತೈದು ವರ್ಷ. ಚಿತ್ರವನ್ನು ಬರೆದಾಗ ಹದಿನಾರೋ ಹದಿನೇಳೋ ಇದ್ದಿರಬೇಕು.

ಆ ಚಿತ್ರ ಇಂದೂ ಉಳಿದಿದೆ. ಪೋಲೆಂಡ್ ದೇಶದ ಕ್ರಾಕೋ ನಗರದ ಚಾರ್ತೊರಿಸ್ಕಿ ವಸ್ತುಸಂಗ್ರಹಾಲಯದಲ್ಲಿ ಅದನ್ನು ನೋಡಬಹುದು. ಆಕ್ರೋಟ ಮರದ ಒಂದು ಹಲಗೆ; ಎತ್ತರ ಸುಮಾರು ೫೪ ಸೆಂಟಿಮೀಟರು, ಅಗಲ ಸುಮಾರು ೩೯ ಸೆಂಟಿಮೀಟರು. ನಮ್ಮ ಮನೆಗಳಲ್ಲಿ ಗೋಡೆಗೆ ತೂಗುಹಾಕುವ ದೇವರ ಪಟಕ್ಕಿಂತ ಬಹಳ ದೊಡ್ಡದೇನಲ್ಲ. ಕಪ್ಪು ಹಿನ್ನೆಲೆಯ ಮುಂದೆ ತರುಣಿಯೊಬ್ಬಳು, ಯಾರೋ ಕರೆದರೆಂಬಂತೆ, ಒಂದು ಪಕ್ಕಕ್ಕೆ ಮುಖ ತಿರುಗಿಸಿ ನಿಂತಿದ್ದಾಳೆ. ಅವಳ ತೋಳಿನಲ್ಲಿ ಎರ್ಮಿನ್ ಎಂಬ ಬಿಳಿಯ ಪ್ರಾಣಿ. ಇದು ನಮ್ಮ ಮುಂಗುಸಿಯಂತೆ ನೀಳವಾದ ಮೈಯುಳ್ಳದ್ದು, ಆದರೆ ಮುಂಗುಸಿಯ ಕುಲಕ್ಕೆ ಸೇರಿದುದಲ್ಲ. ಶೀತದೇಶಗಳಲ್ಲಿ ಚಳಿಗಾಲ ಬಂದಾಗ ಇದರ ಕಂದು ತುಪ್ಪಳು ಉದುರಿ ಬಿಳಿಯ ತುಪ್ಪಳು ಬೆಳೆಯುತ್ತದೆ. ಬಾಲದ ತುದಿ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಚಿತ್ರದಲ್ಲಿರುವ ಪ್ರಾಣಿ ನಿಜವಾದ ಎರ್ಮಿನ್‌ಗಿಂತ ಬಹಳ ದಪ್ಪವಾಗಿದೆಯೆಂದು ಬಲ್ಲವರು ಆಕ್ಷೇಪಿಸುವುದುಂಟು. ಈ ಆಕ್ಷೇಪಣೆಗೆ ನಾವು ಮುಂದೆ ಮರಳಿ ಬರಲಿದ್ದೇವೆ.

ಚೆಚೀಲಿಯಾ ಬದಲಾದಳು ಸರಿ. ಚಿತ್ರವಾದರೂ ಬದಲಾಗದೆ ಉಳಿದಿದೆಯೆ? ಇಲ್ಲ. ಇಂದು ನಾವು ಕಾಣುವ ಕಪ್ಪು ಹಿನ್ನೆಲೆ ಲಿಯೊನಾರ್ಡೊ ಬಳಿದುದಲ್ಲ. ಮೊದಲು ಅಲ್ಲಿದ್ದುದು ಬೂದುಗಲೆತ ನೀಲಿ. ಆಕೆ ತಲೆಯ ಮೇಲಿನಿಂದ ಗಲ್ಲದ ಕೆಳಗಿನವರೆಗೆ ಬಲು ತೆಳುವಾದ ಪಾರದರ್ಶಕ ಮುಸುಕನ್ನು ಧರಿಸಿದ್ದಳು. ಅದನ್ನು ಅರ್ಥ ಮಾಡಿಕೊಳ್ಳದ ಯಾರೋ ಒಬ್ಬ ದುರಸ್ತಿಗಾರನು ಅದರ ಮೇಲೆ ಕೂದಲಿನ ಬಣ್ಣವನ್ನು ಹಚ್ಚಿದುದರಿಂದ, ಕೂದಲೇ ಗಲ್ಲದ ಕೆಳಗೆ ಸುತ್ತಿಬಂದಿರುವಂತೆ ವಿಚಿತ್ರವಾಗಿ ತೋರುತ್ತದೆ. ಎಡಗಡೆಯ ಮೇಲಿನ ಮೂಲೆಯಲ್ಲಿ ಒಂದು ಬರಹವಿದೆ. ಅದರಲ್ಲಿರುವ ಹೆಸರು ಚೆಚೀಲಿಯಾಳದಲ್ಲ, ‘ಲಾ ಬೆಲ್ ಫೆರೊನಿಯೇರ್’ ಎಂದು. ಅಂದರೆ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಬೇರೊಂದು ಭಾವಚಿತ್ರಕ್ಕೆ ಸಲ್ಲುವ ಹೆಸರು! ೧೮೦೦ರ ಸುಮಾರಿನಲ್ಲಿ ಪೋಲೆಂಡಿನ ರಾಜಕುಮಾರ ಆಡಮ್ ಯೆಜಿ ಚಾರ್ತೊರಿಸ್ಕಿಯು ಇಟಲಿಯಲ್ಲಿ ಈ ಚಿತ್ರವನ್ನು ಕೊಂಡು ತನ್ನ ತಾಯಿಗೆ ಕೊಟ್ಟ ಮೇಲೆ ಸೇರಿದ ಬರಹ ಇದು. ಮುಂದೆ ನೂರು ವರ್ಷಗಳ ಕಾಲ ಈ ತರುಣಿ ತನ್ನದಲ್ಲದ ಹೆಸರನ್ನು ಹೊತ್ತು ನಿಂತಿದ್ದಳು.

ಹಾಗಾದರೆ ಈಕೆ ಚೆಚೀಲಿಯಾ ಎಂದು ಹೇಳಲು ಆಧಾರವೇನು? ಮೇಲಿನ ಪತ್ರಗಳಿಂದ ಅಂಥ ಚಿತ್ರ ಒಂದಿತ್ತೆಂಬುದು ತಿಳಿಯುತ್ತದೆಯೇ ಹೊರತು, ಅದು ಇದೇ ಎಂದು ತಿಳಿಯುವುದಿಲ್ಲ. ಇಲ್ಲಿ ಸಹಾಯಕ್ಕೆ ಬರುವುದು ಆ ಪ್ರಾಣಿ. ಗ್ರೀಕ್ ಭಾಷೆಯಲ್ಲಿ ಇಂಥ ಪ್ರಾಣಿಗೆ ‘ಗಲೇ’ ಎಂದು ಹೆಸರು. ಗಲ್ಲೆರಾನಿ ಎಂಬ ಮನೆತನದ ಹೆಸರಿನೊಡನೆ ಇದೊಂದು ಶ್ಲೇಷೆ. ಅಂದಿನ ವಿದ್ಯಾವಂತರಿಗೆ ಇಂಥ ಶ್ಲೇಷೆಗಳೆಂದರೆ ಬಲು ಪ್ರೀತಿ. ಅಲ್ಲದೆ, ಮಿಲಾನಿನ ಆಳರಸನಾಗಿದ್ದ ಲುಡೊವಿಕೊ ಸ್ಫೋರ್ಜಾನಿಗೆ ನೇಪಲ್ಸಿನ ದೊರೆಯು ೧೪೮೮ರಲ್ಲಿ ‘ಎರ್ಮಿನ್’ ಎಂಬ ಹೆಸರಿನ ಬಿರುದನ್ನು ಕೊಟ್ಟಿದ್ದನು. ಚೆಚೀಲಿಯಾ ಆ ಲುಡೊವಿಕೊನ ಪ್ರೇಯಸಿ. ದೊಡ್ಡ ಶ್ರೀಮಂತ ವಂಶದಲ್ಲಿ ಹುಟ್ಟಿದವಳಲ್ಲ. ಲ್ಯಾಟಿನ್ ಕಲಿತವಳು, ಕವಿತೆ ಕಟ್ಟಬಲ್ಲವಳು. ೧೪೯೧ರ ಜನವರಿಯಲ್ಲಿ ಲುಡೊವಿಕೊ ರಾಜಕಾರಣದ ನಿಮಿತ್ತ ಬೆಯಾತ್ರಿಚೆ ದೆಸ್ತೆಯನ್ನು ಮದುವೆಯಾದನು. ಅದೇ ಮೇ ತಿಂಗಳಲ್ಲಿ ಚೆಚೀಲಿಯಾ ಅವನ ಮಗನನ್ನು ಹೆತ್ತಳು. ಮರುವರ್ಷ ಆಕೆಯನ್ನು ಒಬ್ಬ ಕೌಂಟನಿಗೆ ಮದುವೆ ಮಾಡಿಕೊಟ್ಟರು. ಹೀಗೆ ಆಕೆ ಕೌಂಟೆಸ್ ಆದಳು. ಚಿತ್ರವನ್ನು ಎರವಲು ಕೇಳಿದ ಇಸಬೆಲ್ಲಾ ಬೇರೆ ಯಾರೂ ಅಲ್ಲ, ಆ ಬೆಯಾತ್ರಿಚೆಯ ಸ್ವಂತ ಅಕ್ಕ! ಈ ಸಂಸಾರದ ಒಳಗುಟ್ಟುಗಳನ್ನು ಕಾದಂಬರಿಕಾರರಿಗೆ ಬಿಟ್ಟು ನಾವು ನಮ್ಮ ಭೌತಶಾಸ್ತ್ರಕ್ಕೆ ಬರೋಣ. ಆದರೆ ಒಂದು ಮಾತನ್ನು ಓದುಗರು ನೆನಪಿನಲ್ಲಿಡಬೇಕು: ಈಕೆಯ ಗುರುತು ಬಹುಮಟ್ಟಿಗೆ ಆ ಪ್ರಾಣಿಯ ಮೇಲೆ ನಿಂತಿದೆ. ಆದುದರಿಂದ ಆ ಪ್ರಾಣಿಯನ್ನು ಬರೆದದ್ದು ಯಾವಾಗ ಎಂಬ ಪ್ರಶ್ನೆ ಸಣ್ಣದಲ್ಲ.

ಐದುನೂರು ವರ್ಷಗಳ ಹಿಂದಿನ ಬಣ್ಣವನ್ನು ಕೆರೆದು ನೋಡುವಂತಿಲ್ಲ. ಕೆರೆಯದೆ, ಮುಟ್ಟದೆ, ಮೇಲ್ಪದರದ ಕೆಳಗೆ ಏನಿದೆಯೆಂದು ತಿಳಿಯಬೇಕು. ಅದು ಸಾಧ್ಯವೆ?

ಇದಕ್ಕೆ ಉತ್ತರ ನಮ್ಮ ತರಗತಿಯ ಕರಿಹಲಗೆಯಲ್ಲಿಯೇ ಇದೆ. ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದ ಕೂಡಲೆ ಅದು ಅಚ್ಚ ಕಪ್ಪಾಗಿ, ಬಲು ಶುಚಿಯಾದಂತೆ ಕಾಣುತ್ತದೆ. ಐದು ನಿಮಿಷ ಕಳೆದು ನೀರು ಆರಿದ ಮೇಲೆ ನೋಡಿದರೆ ಬಿಳಿಯ ಬಳಿಗೆ ಹಾಗೆಯೇ ಇದೆ! ಸೀಮೆಸುಣ್ಣ ಎಲ್ಲಿಗೂ ಹೋಗಿರಲಿಲ್ಲ. ಒದ್ದೆಯಾಗಿದ್ದಾಗ ಕಾಣುತ್ತಿರಲಿಲ್ಲ, ಅಷ್ಟೆ. ಕಾರಣವೇನು? ಸೀಮೆಸುಣ್ಣದ ಒಂದೊಂದು ಕಣವೂ ಗಾಜಿನ ಚೂರಿನಂತೆ ಪಾರದರ್ಶಕವೇ. ಬೆಳಕು ಗಾಳಿಯಿಂದ ಕಣಕ್ಕೆ ಹೊಗುವಾಗಲೂ ಕಣದಿಂದ ಗಾಳಿಗೆ ಹೊರಡುವಾಗಲೂ ಸ್ವಲ್ಪ ಭಾಗ ಹಿಂದಕ್ಕೆ ಪ್ರತಿಫಲಿಸುತ್ತದೆ. ಸಾವಿರಾರು ಕಣಗಳ ಮೇಲೆ ಹೀಗೆ ಚೆದರಿ ಚೆದರಿ ಬೆಳಕೆಲ್ಲವೂ ಹಿಂದಿರುಗುವುದರಿಂದ ಪುಡಿ ಬೆಳ್ಳಗೆ ಕಾಣುತ್ತದೆ. ಪ್ರತಿಫಲನದ ಪ್ರಮಾಣವು ಎರಡು ವಸ್ತುಗಳ ವಕ್ರೀಭವನಾಂಕಗಳ ವ್ಯತ್ಯಾಸವನ್ನು ಅವಲಂಬಿಸಿದೆ. ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ ವರ್ಗ ಮಾಡಿದರೆ, ನೇರವಾಗಿ ಬಿದ್ದ ಬೆಳಕಿನಲ್ಲಿ ಎಷ್ಟು ಭಾಗ ಹಿಂದಿರುಗುವುದೆಂಬುದು ದೊರೆಯುತ್ತದೆ. ಸುಣ್ಣದ ಕಲ್ಲಿನ ಪುಡಿಯ ವಕ್ರೀಭವನಾಂಕ ಸುಮಾರು ೧.೬, ಗಾಳಿಯದು ೧. ಲೆಕ್ಕ ಮಾಡಿ ನೋಡಿದರೆ ನೂರಕ್ಕೆ ೫.೩ ಭಾಗ ಹಿಂದಿರುಗುತ್ತದೆ. ಅದೇ ಪುಡಿಯನ್ನು ೧.೪೮ ವಕ್ರೀಭವನಾಂಕವುಳ್ಳ ಅಗಸೆ ಎಣ್ಣೆಯಲ್ಲಿ ಕಲಸಿದರೆ ಹಿಂದಿರುಗುವುದು ನೂರಕ್ಕೆ ೦.೧೫ ಭಾಗ ಮಾತ್ರ; ಮೂವತ್ತೈದರಲ್ಲಿ ಒಂದು ಪಾಲಿಗೆ ಇಳಿಯಿತು! ಆದಕಾರಣವೇ ಎಣ್ಣೆಯಲ್ಲಿ ಕಲಸಿದ ಸೀಮೆಸುಣ್ಣ ಬಿಳಿಯ ಬಣ್ಣವಾಗಲಾರದು. ಕಜ್ಜಾಯ ಕಟ್ಟಿದ ಕಾಗದ ಎಣ್ಣೆ ಹೀರಿದ ಕಡೆ ಬೆಳಕಿಗೆ ಹಿಡಿದರೆ ಆಚೆಯದು ಮಸುಕಾಗಿ ಕಾಣುವುದೂ ಇದೇ ಕಾರಣದಿಂದ.

ತೈಲವರ್ಣದ ಚಿತ್ರಕಾರರು ಬಿಳಿಯ ಬಣ್ಣಕ್ಕಾಗಿ ಶತಮಾನಗಳ ಕಾಲ ಸಫೇತವನ್ನೇ, ಅಂದರೆ ಸೀಸದ ಬಿಳುಪನ್ನೇ, ನೆಚ್ಚಿಕೊಂಡಿದ್ದರು. ಅದರ ವಕ್ರೀಭವನಾಂಕ ಸುಮಾರು ೨. ಎಣ್ಣೆಯಲ್ಲಿ ಕಲಸಿದಾಗಲೂ ಒಂದೊಂದು ಮೇಲ್ಮೈಯಿಂದ ನೂರಕ್ಕೆ ೨.೨ ಭಾಗ ಬೆಳಕು ಹಿಂದಿರುಗುವುದರಿಂದ ಅದು ಕೆಳಗಿನದನ್ನು ಚೆನ್ನಾಗಿ ಮರೆಸುತ್ತದೆ. ಆದರೆ ಇಲ್ಲೊಂದು ಸ್ವಾರಸ್ಯವಿದೆ. ಎಣ್ಣೆ ಬಣ್ಣ ಒಣಗುತ್ತದೆ ಎಂದು ನಾವು ಹೇಳುವುದು ಸರಿಯಾದ ಮಾತಲ್ಲ. ನೀರು ಒಣಗುವುದೆಂದರೆ ಆವಿಯಾಗಿ ಹೋಗುವುದು. ಅಗಸೆ ಎಣ್ಣೆ ಆವಿಯಾಗುವುದಿಲ್ಲ. ಅದು ಗಾಳಿಯಿಂದ ಆಮ್ಲಜನಕವನ್ನು ಹೀರಿಕೊಂಡು, ಅಣುವಿಗೆ ಅಣು ಹೆಣೆದುಕೊಂಡು, ಗಟ್ಟಿಯಾದ ಪೊರೆಯಾಗುತ್ತದೆ. ಮೊದಮೊದಲು ಅದರ ತೂಕ ಕಡಿಮೆಯಾಗುವುದಕ್ಕೆ ಬದಲು ಹೆಚ್ಚುತ್ತದೆ! ಕುಸುಬೆ ಎಣ್ಣೆಯ ಡಬ್ಬಿಯ ಬಾಯಿಯ ಸುತ್ತ ಕಟ್ಟುವ ಅಂಟು ಈ ಕ್ರಿಯೆಯ ಫಲವೇ. ಕೊಬ್ಬರಿ ಎಣ್ಣೆಯಲ್ಲಿ ಇದು ನಡೆಯದು. ಈ ಹೆಣಿಗೆ ವರ್ಷಗಟ್ಟಲೆ, ಶತಮಾನಗಟ್ಟಲೆ ನಿಧಾನವಾಗಿ ಸಾಗುತ್ತದೆ, ಮತ್ತು ಅದರೊಡನೆ ಎಣ್ಣೆಯ ವಕ್ರೀಭವನಾಂಕವೂ ಮೆಲ್ಲಮೆಲ್ಲನೆ ಏರುತ್ತದೆ. ಅದು ೧.೫೫ ಆಯಿತೆಂದು ಇಟ್ಟುಕೊಳ್ಳೋಣ. ಆಗ ಸಫೇತದಿಂದ ಹಿಂದಿರುಗುವ ಬೆಳಕು ನೂರಕ್ಕೆ ೨.೨ರಿಂದ ೧.೬ಕ್ಕೆ ಇಳಿಯುತ್ತದೆ. ಅಂದರೆ, ಕಾಲ ಕಳೆದಂತೆ ಬಣ್ಣ ತಾನಾಗಿಯೇ ಪಾರದರ್ಶಕವಾಗುತ್ತ ಬರುತ್ತದೆ. ಚಿತ್ರಕಾರನು ಒಮ್ಮೆ ಬರೆದು, ಮನಸ್ಸಿಗೆ ಬಾರದೆ, ಮೇಲೆ ಬಣ್ಣ ಹಚ್ಚಿ ಮುಚ್ಚಿದ ಕೈಯೋ ಟೋಪಿಯೋ ಮುನ್ನೂರು ವರ್ಷಗಳ ಮೇಲೆ ದೆವ್ವದಂತೆ ತಲೆಯೆತ್ತುವುದುಂಟು. ಇಟಲಿಯವರು ಇದಕ್ಕೆ ‘ಪೆಂತಿಮೆಂತೊ’ ಎಂದು ಹೆಸರಿಟ್ಟಿದ್ದಾರೆ. ಪಶ್ಚಾತ್ತಾಪ ಎಂದು ಅದರ ಅರ್ಥ.

ಆದರೆ ಬಣ್ಣ ತಾನಾಗಿ ತಿಳಿಯಾಗಲೆಂದು ಕಾಯುತ್ತ ಕೂರುವ ಅಗತ್ಯವಿಲ್ಲ. ನೋಡುವ ಬೆಳಕನ್ನೇ ಬದಲಾಯಿಸಬಹುದು. ಬಣ್ಣದ ಕಣಗಳ ಗಾತ್ರ ಬಹುಮಟ್ಟಿಗೆ ಒಂದು ಮೈಕ್ರಾನಿನ ಆಸುಪಾಸು, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ೦.೪ರಿಂದ ೦.೭ ಮೈಕ್ರಾನ್. ಅಲೆ ಉದ್ದವಾದಷ್ಟೂ ಇಂಥ ಸಣ್ಣ ಕಣಗಳಿಂದ ಚೆದರುವುದು ಕಡಿಮೆಯಾಗುತ್ತ ಹೋಗುತ್ತದೆ. ಆದುದರಿಂದ ಅಲೆಯುದ್ದ ಒಂದರಿಂದ ಎರಡು ಮೈಕ್ರಾನ್ ಇರುವ ಅವಗೆಂಪು ಕಿರಣಗಳು ಮೇಲ್ಪದರವನ್ನು ದಾಟಿ ಕೆಳಗಿನ ಬಿಳಿಯ ತಳಹದಿಯವರೆಗೂ ಹೋಗಿ, ಅಲ್ಲಿ ಪ್ರತಿಫಲಿಸಿ ಹಿಂದಿರುಗಬಲ್ಲವು. ದಾರಿಯಲ್ಲಿ ಇದ್ದಲಿನ ಗೆರೆಯೊಂದು ಸಿಕ್ಕಿತೆನ್ನಿ. ಇದ್ದಲು ಎಲ್ಲ ಕಿರಣಗಳನ್ನೂ ಒಂದೇ ಸಮನಾಗಿ ನುಂಗುತ್ತದೆ. ಅಲ್ಲಿ ಕಪ್ಪು ಕಾಣುತ್ತದೆ. ಚಿತ್ರಕಾರನು ಬಣ್ಣ ಹಚ್ಚುವ ಮುನ್ನ ಇದ್ದಲಿನಿಂದ ಬರೆದುಕೊಂಡ ಕರಡು ಹೀಗೆ ಹೊರಬೀಳುತ್ತದೆ. ೧೯೬೦ರ ದಶಕದಲ್ಲಿ ಹಾಲೆಂಡಿನ ವಾನ್ ಆಸ್ಪೆರೆನ್ ಡ ಬೂರ್ ಎಂಬ ಭೌತವಿಜ್ಞಾನಿಯು, ಸೀಸದ ಸಲ್ಫೈಡಿನ ಮೇಲೆ ಬಿದ್ದ ಅವಗೆಂಪು ಕಿರಣ ವಿದ್ಯುತ್ತಿನ ರೂಪದಲ್ಲಿ ಗುರುತು ಕೊಡುತ್ತದೆಂಬುದನ್ನು ಬಳಸಿಕೊಂಡು, ಎರಡು ಮೈಕ್ರಾನ್‌ವರೆಗಿನ ಅವಗೆಂಪಿನಲ್ಲಿ ಚಿತ್ರಗಳನ್ನು ನೋಡುವ ವಿಧಾನವನ್ನು ರೂಢಿಗೆ ತಂದನು. ಅಲ್ಲಿಯತನಕ ಛಾಯಾಚಿತ್ರದ ಫಿಲ್ಮು ಒಂದು ಮೈಕ್ರಾನಿನ ಸುತ್ತಮುತ್ತ ಮಾತ್ರ ಕೆಲಸ ಮಾಡುತ್ತಿದ್ದಿತು.

೧೯೯೨ರಲ್ಲಿ ಅಮೆರಿಕದ ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾಶಾಲೆಯವರು ನಮ್ಮ ಚೆಚೀಲಿಯಾಳನ್ನು ಪರೀಕ್ಷಿಸಿದ ವಿವರಗಳು ಪ್ರಕಟವಾದುವು. ಆಕೃತಿಯ ಹೊರರೇಖೆಯ ಉದ್ದಕ್ಕೂ ಅಲ್ಲಲ್ಲಿ ಕಪ್ಪು ಚುಕ್ಕೆಗಳ ಸಾಲು ಅವರಿಗೆ ಕಂಡಿತು. ಚುಕ್ಕೆಗಳು ಏಕೆ? ನಮ್ಮ ಹೆಣ್ಣುಮಕ್ಕಳು ತೂತಿನ ತಗಡನ್ನು ನೆಲದ ಮೇಲಿಟ್ಟು ರಂಗೋಲಿ ಪುಡಿ ಉದುರಿಸಿ ಕ್ಷಣಮಾತ್ರದಲ್ಲಿ ಕಮಲವನ್ನು ಮೂಡಿಸುವುದನ್ನು ಎಲ್ಲರೂ ನೋಡಿದ್ದೇವಷ್ಟೆ. ಇಟಲಿಯ ಚಿತ್ರಕಾರರ ಉಪಾಯವೂ ಅದೇ. ಮೊದಲು ಕಾಗದದ ಮೇಲೆ ಚಿತ್ರವನ್ನು ಬರೆದು, ಗೆರೆಗಳ ಉದ್ದಕ್ಕೂ ಸೂಜಿಯಿಂದ ಚುಚ್ಚಿ, ಕಾಗದವನ್ನು ಹಲಗೆಯ ಮೇಲಿಟ್ಟು, ಇದ್ದಲಿನ ಪುಡಿ ಕಟ್ಟಿದ ಬಟ್ಟೆಯ ಗಂಟಿನಿಂದ ಮೆಲ್ಲಗೆ ತಟ್ಟುತ್ತಿದ್ದರು. ಪುಡಿ ತೂತುಗಳಲ್ಲಿ ಇಳಿದು ಹಲಗೆಯ ಮೇಲೆ ಚುಕ್ಕೆಗಳು ನಿಲ್ಲುತ್ತಿದ್ದುವು. ಲಿಯೊನಾರ್ಡೊ ಈ ಕಸುಬನ್ನು ಫ್ಲಾರೆನ್ಸಿನಲ್ಲಿ ತನ್ನ ಗುರು ವೆರೋಕ್ಕಿಯೋನ ಬಳಿ ಕಲಿತವನು. ಐದುನೂರು ವರ್ಷ ಬಣ್ಣದ ಕೆಳಗೆ ಹುದುಗಿದ್ದ ಆ ಇದ್ದಲಿನ ಪುಡಿ ಅವಗೆಂಪು ಬೆಳಕಿನಲ್ಲಿ ಹೊರಗೆ ಬಂದಿತು. ಹಿನ್ನೆಲೆಯ ಕಪ್ಪು ನಂತರದ್ದು ಎಂಬುದು ಖಚಿತವಾದುದೂ ಇದೇ ಪರೀಕ್ಷೆಯಿಂದ.

ಕ್ಷಕಿರಣಗಳ ಕೆಲಸ ಇದಕ್ಕಿಂತ ಬೇರೆ ತೆರನಾದದ್ದು. ರಂಟ್ಗೆನ್ನನು ಅವುಗಳನ್ನು ಕಂಡುಹಿಡಿದುದು ೧೮೯೫ರ ನವೆಂಬರಿನಲ್ಲಿ. ಮರುವರ್ಷವೇ ಜರ್ಮನಿಯಲ್ಲಿ ಒಂದು ವರ್ಣಚಿತ್ರದ ಕ್ಷಕಿರಣ ಛಾಯೆಯನ್ನು ತೆಗೆದಿದ್ದರು. ಕ್ಷಕಿರಣಗಳಿಗೆ ಬಣ್ಣ ಕೆಂಪೋ ಹಸುರೋ ಎಂಬುದು ಲೆಕ್ಕಕ್ಕಿಲ್ಲ. ಪರಮಾಣು ಭಾರವಾದದ್ದೋ ಹಗುರವಾದದ್ದೋ ಎಂಬುದಷ್ಟೇ ಮುಖ್ಯ. ಒಂದು ಪರಮಾಣು ಅವುಗಳನ್ನು ಹೀರುವ ಶಕ್ತಿ, ಸ್ಥೂಲವಾಗಿ, ಅದರ ಪರಮಾಣು ಸಂಖ್ಯೆಯ ಮೂರನೆಯ ಅಥವಾ ನಾಲ್ಕನೆಯ ಘಾತದಂತೆ ಏರುತ್ತದೆ. ಇಂಗಾಲದ ಸಂಖ್ಯೆ ೬, ಸೀಸದ್ದು ೮೨, ಇಂಗಳೀಕದಲ್ಲಿರುವ ಪಾದರಸದ್ದು ೮೦. ಆದುದರಿಂದ ಮರದ ಹಲಗೆ, ಎಣ್ಣೆ, ಇದ್ದಲು ಇವೆಲ್ಲ ಕ್ಷಕಿರಣಗಳಿಗೆ ಹೆಚ್ಚು ಕಡಿಮೆ ಗಾಜಿನಂತೆ; ಸಫೇತವಿರುವ ಕಡೆ ಮಾತ್ರ ಅವು ತಡೆದು ನಿಲ್ಲುತ್ತವೆ. ಹಣೆ, ಕೆನ್ನೆ, ಕೈಬೆರಳುಗಳ ಬೆಳಕಿನ ಭಾಗಗಳಲ್ಲಿ ಸಫೇತ ಹೆಚ್ಚು. ವೈದ್ಯರು ತೆಗೆಯುವ ಫಿಲ್ಮಿನಲ್ಲಿ ಮೂಳೆ ಕಾಣುವಂತೆ ಈ ಭಾಗಗಳು ಬೆಳ್ಳಗೆ ಮೂಡುತ್ತವೆ. ಒಂದು ತೊಡಕೇನೆಂದರೆ, ಹಲಗೆಯ ಹಿಂಬದಿಯಿಂದ ಮುಂಬದಿಯವರೆಗೆ ಇರುವುದೆಲ್ಲವೂ ಒಂದರ ಮೇಲೊಂದು ಬಿದ್ದು ಒಂದೇ ನೆರಳಾಗುತ್ತದೆ. ಯಾವುದು ಮೇಲೆ, ಯಾವುದು ಕೆಳಗೆ ಎಂದು ಕ್ಷಕಿರಣದ ಛಾಯೆ ಹೇಳಲಾರದು. ಅದಕ್ಕೆ ಕಾಣುವುದು ಅವಗೆಂಪಿಗೆ ಕಾಣದು, ಅವಗೆಂಪಿಗೆ ಕಾಣುವ ಇದ್ದಲು ಅದಕ್ಕೆ ಕಾಣದು. ಇಬ್ಬರು ಸಾಕ್ಷಿಗಳನ್ನೂ ಕೂರಿಸಿಕೊಂಡು ಕೇಳಬೇಕು.

ಅತಿನೇರಿಳೆ ಕಿರಣಗಳು ಇವೆರಡಕ್ಕೂ ವಿರುದ್ಧ. ಅವು ಒಳಗೆ ಹೋಗುವುದೇ ಇಲ್ಲ. ಮೇಲಿನ ಮೆರುಗೆಣ್ಣೆಯಲ್ಲಿಯೇ ನಿಂತು, ಹಳೆಯ ಮೆರುಗನ್ನು ಹಸುರು ಛಾಯೆಯಿಂದ ಮಿನುಗಿಸುತ್ತವೆ. ಈಚಿನ ದುರಸ್ತಿಯ ತೇಪೆಗಳು ಆ ಮಿನುಗಿನ ನಡುವೆ ಕಪ್ಪು ಕಲೆಗಳಾಗಿ ಕಾಣುತ್ತವೆ. ಮೋಸದ ಮಾರಾಟಗಾರರನ್ನು ಹಿಡಿಯಲು ಇದಕ್ಕಿಂತ ಸುಲಭವಾದ ಸಾಧನವಿಲ್ಲ.

ಇನ್ನೊಂದು ವಿಧಾನವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಕ್ಷಕಿರಣ ತಾಗಿದ ಪರಮಾಣು ತಾನೂ ಕ್ಷಕಿರಣವನ್ನು ಹೊರಸೂಸುತ್ತದೆ; ಹಾಗೆ ಹೊರಡುವ ಕಿರಣದ ಅಲೆಯುದ್ದ ಆಯಾ ಧಾತುವಿಗೇ ವಿಶಿಷ್ಟವಾದುದೆಂದು ೧೯೧೩ರಲ್ಲಿ ಮೋಸ್ಲೆ ಎಂಬ ತರುಣನು ತೋರಿಸಿಕೊಟ್ಟನು. ಎರಡು ವರ್ಷಗಳ ಮೇಲೆ, ಇಪ್ಪತ್ತೇಳರ ವಯಸ್ಸಿನಲ್ಲಿ, ಆತನು ಯುದ್ಧದಲ್ಲಿ ಮಡಿದನು. ಚಿತ್ರದ ಒಂದು ಚುಕ್ಕೆಯ ಮೇಲೆ ಸಣ್ಣ ಕ್ಷಕಿರಣ ಪುಂಜವನ್ನು ಬಿಟ್ಟು, ಹಿಂದಿರುಗುವ ಅಲೆಗಳನ್ನು ಅಳೆದರೆ ಅಲ್ಲಿ ಸೀಸವಿದೆಯೋ, ತಾಮ್ರವಿದೆಯೋ, ಕಬ್ಬಿಣವಿದೆಯೋ ತಿಳಿಯುತ್ತದೆ. ಹದಿನೈದನೆಯ ಶತಮಾನದ್ದೆನ್ನುವ ಚಿತ್ರದ ಬಿಳುಪಿನಲ್ಲಿ ಟೈಟೇನಿಯಮ್ ಸಿಕ್ಕಿತೆಂದರೆ ಅಷ್ಟು ಭಾಗ ಇಪ್ಪತ್ತನೆಯ ಶತಮಾನದ ಕೈ ಎಂದು ಕಣ್ಣು ಮುಚ್ಚಿ ಹೇಳಬಹುದು. ಟೈಟೇನಿಯಮ್ಮಿನ ಬಿಳಿ ಬಣ್ಣ ಅದಕ್ಕೆ ಮೊದಲು ಪೇಟೆಯಲ್ಲಿರಲಿಲ್ಲ. ೨೦೧೦ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಲೂವ್ರ್‌ನಲ್ಲಿರುವ ಲಿಯೊನಾರ್ಡೊನ ಏಳು ಚಿತ್ರಗಳನ್ನು ಈ ಬಗೆಯಲ್ಲಿ ಪರೀಕ್ಷಿಸಿ, ಮುಖಗಳ ಮೇಲಿನ ನೆರಳನ್ನು ಆತನು ಒಂದೆರಡು ಮೈಕ್ರಾನ್ ದಪ್ಪದ ಪದರಗಳನ್ನು ಒಂದರ ಮೇಲೊಂದು ಹಚ್ಚಿ ತಂದಿದ್ದಾನೆಂದೂ, ಎಲ್ಲ ಪದರಗಳೂ ಸೇರಿ ಮೂವತ್ತು-ನಲವತ್ತು ಮೈಕ್ರಾನ್ ಮೀರುವುದಿಲ್ಲವೆಂದೂ ಕಂಡರು. ಅದು ನಮ್ಮ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಕೈಯಿಂದ ಇದನ್ನು ಮಾಡಿದವನ ತಾಳ್ಮೆಯನ್ನು ನೆನೆದರೆ ಬೆರಗಾಗುತ್ತದೆ.

ಈಗ ಆ ದಪ್ಪ ಎರ್ಮಿನ್ನಿಗೆ ಮರಳೋಣ. ೨೦೧೪ರಲ್ಲಿ ಪ್ಯಾರಿಸಿನ ಪಾಸ್ಕಲ್ ಕೋತ್ ಎಂಬ ತಂತ್ರಜ್ಞರು ಒಂದು ಹೊಸ ವಿಷಯವನ್ನು ಪ್ರಕಟಿಸಿದರು. ಅವರ ಮತದಂತೆ ಲಿಯೊನಾರ್ಡೊ ಈ ಚಿತ್ರವನ್ನು ಮೂರು ಹಂತಗಳಲ್ಲಿ ಬರೆದನು. ಮೊದಲನೆಯ ಹಂತದಲ್ಲಿ ಪ್ರಾಣಿಯೇ ಇರಲಿಲ್ಲ, ತರುಣಿಯೊಬ್ಬಳೇ ಇದ್ದಳು. ಎರಡನೆಯದರಲ್ಲಿ ತೆಳ್ಳನೆಯ, ಬೂದು ಬಣ್ಣದ, ಚಿಕ್ಕ ಪ್ರಾಣಿ ಬಂದಿತು. ಈಗಿರುವ ಬಿಳಿಯ, ಪುಷ್ಟವಾದ ಪ್ರಾಣಿ ಮೂರನೆಯ ಹಂತದ್ದು. ಇದು ನಿಜವಾದರೆ, ಆಕೆಯ ಗುರುತನ್ನು ಹೇಳುವ ಶ್ಲೇಷೆಯೂ, ಲುಡೊವಿಕೊನ ಬಿರುದಿನ ಸೂಚನೆಯೂ ಮೊದಲ ಯೋಚನೆಯಲ್ಲಿ ಇರಲಿಲ್ಲ, ತರುವಾಯ ಯಾರದೋ ಅಪೇಕ್ಷೆಯಂತೆ ಸೇರಿದುವು ಎಂದಾಗುತ್ತದೆ. ಸಾಹಿತ್ಯದಲ್ಲಿಯೂ ಇದಕ್ಕೆ ಒಂದು ಆಸರೆಯಿದೆ. ಮಿಲಾನಿನ ಆಸ್ಥಾನಕವಿ ಬೆಲ್ಲಿಂಚೋನಿಯು ಈ ಭಾವಚಿತ್ರದ ಮೇಲೆ ಒಂದು ಸುನೀತವನ್ನು ರಚಿಸಿದ್ದಾನೆ. ಅದರಲ್ಲಿ ಚೆಚೀಲಿಯಾಳ ಹೆಸರಿದೆ, ವಿಂಚಿಯ ಹೆಸರಿದೆ, ಆದರೆ ಪ್ರಾಣಿಯ ಸುದ್ದಿಯೇ ಇಲ್ಲ. ಕವಿ ೧೪೯೨ರಲ್ಲಿ ತೀರಿಕೊಂಡನು. ಆತನು ಕಂಡದ್ದು ಮೊದಲ ಹಂತದ ಚಿತ್ರವಾಗಿರಬಾರದೇಕೆ?

ಇರಬಹುದು. ಆದರೆ ಭೌತಶಾಸ್ತ್ರದ ವಿದ್ಯಾರ್ಥಿ ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಕೋತ್ ಅವರ ವಿಧಾನ ಹೀಗಿದೆ. ಚಿತ್ರದ ಮೇಲೆ ಪ್ರಬಲವಾದ ಬೆಳಕನ್ನು ಬೀರಿ, ಅತಿನೇರಿಳೆಯಿಂದ ಅವಗೆಂಪಿನವರೆಗೆ ಹದಿಮೂರು ಬೇರೆ ಬೇರೆ ಅಲೆಯುದ್ದಗಳಲ್ಲಿ ಹಿಂದಿರುಗುವ ಬೆಳಕನ್ನು ಬಿಂದು ಬಿಂದುವಾಗಿ ಅಳೆಯುವುದು. ಒಂದೊಂದು ಅಲೆಯುದ್ದವೂ ಒಂದೊಂದು ಆಳದವರೆಗೆ ಹೋಗುತ್ತದೆ. ಆದುದರಿಂದ ಒಂದರ ಅಳತೆಯಿಂದ ಇನ್ನೊಂದರ ಅಳತೆಯನ್ನು ಕಳೆದರೆ ನಡುವಣ ಪದರದ ಪಾಲು ಉಳಿಯಬೇಕು. ಆ ಉಳಿಕೆಯನ್ನು ಗಣಕಯಂತ್ರದಿಂದ ವರ್ಧಿಸಿ ಚಿತ್ರವಾಗಿ ತೋರಿಸುವುದು. ತತ್ತ್ವದಲ್ಲಿ ತಪ್ಪಿಲ್ಲ. ಆದರೆ ಕಳೆಯುವ ಲೆಕ್ಕದಲ್ಲಿ ಒಂದು ಅಪಾಯವುಂಟು. ಒಂದು ಅಳತೆ ೧೦೦೦, ಇನ್ನೊಂದು ೯೯೦, ಎರಡರಲ್ಲಿಯೂ ಐದರಷ್ಟು ಹೆಚ್ಚುಕಡಿಮೆ ಇದೆಯೆಂದು ಇಟ್ಟುಕೊಳ್ಳಿ. ಅಂದರೆ ದೋಷ ಇನ್ನೂರರಲ್ಲಿ ಒಂದು ಭಾಗ. ಬಲು ಒಳ್ಳೆಯ ಅಳತೆಯೇ ಸರಿ. ಆದರೆ ವ್ಯತ್ಯಾಸ ೧೦, ಅದರಲ್ಲಿರುವ ಹೆಚ್ಚುಕಡಿಮೆ ೭! ಉಳಿದದ್ದರಲ್ಲಿ ಸತ್ಯವೆಷ್ಟು, ಗದ್ದಲವೆಷ್ಟು ಹೇಳುವುದು ಕಷ್ಟ. ಅದನ್ನು ವರ್ಧಿಸಿದರೆ ಎರಡೂ ಒಟ್ಟಿಗೆ ವರ್ಧಿಸುತ್ತವೆ. ಒಂದೇ ಬಿಂದುವಿನಲ್ಲಿ ಅನೇಕ ಸಲ ಅಳೆದು ಸರಾಸರಿ ತೆಗೆದರೆ ಗದ್ದಲ ಇಳಿಯುತ್ತದೆ; ಆದರೆ ಅಲೆಯುದ್ದಕ್ಕೂ ಆಳಕ್ಕೂ ಇರುವ ಸಂಬಂಧ ಬಣ್ಣದಿಂದ ಬಣ್ಣಕ್ಕೆ ಬದಲಾಗುವುದರಿಂದ ಬರುವ ದೋಷ ಸರಾಸರಿಯಿಂದ ಹೋಗುವುದಿಲ್ಲ. ಅಂತೆಯೇ, ಪದ್ಯದಲ್ಲಿ ಒಂದು ಮಾತು ಇಲ್ಲದಿರುವುದು ದುರ್ಬಲವಾದ ಸಾಕ್ಷ್ಯ. ಹದಿನಾಲ್ಕು ಸಾಲಿನಲ್ಲಿ ತರುಣಿಯನ್ನೂ ಚಿತ್ರಕಾರನನ್ನೂ ಹೊಗಳಿ ಒಡೆಯನನ್ನೂ ಮೆಚ್ಚಿಸಬೇಕಾದ ಕವಿ ಪ್ರಾಣಿಯನ್ನು ಬಿಟ್ಟಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಅಭಿಪ್ರಾಯದಲ್ಲಿ ಇದ್ದಲಿನ ಚುಕ್ಕೆಗಳನ್ನೂ ಈ ಮೂರು ಹಂತಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಚುಕ್ಕೆಗಳನ್ನು ಅವಗೆಂಪಿನ ಚಿತ್ರದಲ್ಲಿ ಯಾರಾದರೂ ಬೆರಳಿಟ್ಟು ತೋರಿಸಬಹುದು. ಹಂತಗಳು ಲೆಕ್ಕದಿಂದ ಹೊರಟ ಊಹೆ. ಕೋತ್ ಅವರ ಊಹೆಯನ್ನು ಮೆಚ್ಚಿಕೊಂಡ ಲಿಯೊನಾರ್ಡೊ ತಜ್ಞರಿದ್ದಾರೆ, ಒಪ್ಪದವರೂ ಇದ್ದಾರೆ. ಅದನ್ನು ಪರೀಕ್ಷಿಸುವ ಬಗೆಯೂ ಉಂಟು. ಬೂದು ಬಣ್ಣದ ಪ್ರಾಣಿ ಬಿಳಿಯದರ ಕೆಳಗೆ ನಿಜವಾಗಿ ಮಲಗಿದ್ದರೆ, ಅದರ ಬೂದಿನಲ್ಲಿ ಬೆರೆತ ಧಾತುಗಳೂ, ಅಲ್ಲಿ ಸಫೇತದ ದಪ್ಪ ಬೇರೆಯಾಗಿರುವುದೂ, ಮೋಸ್ಲೆಯ ವಿಧಾನದಿಂದ ಪ್ರಾಣಿಯ ಇಡೀ ಮೈಯ ಮೇಲೆ ನಕ್ಷೆ ತೆಗೆದಾಗ ಸ್ವತಂತ್ರವಾಗಿ ಕಾಣಿಸಿಕೊಳ್ಳಬೇಕು. ಒಂದು ವಿಧಾನ ಹೇಳಿದ್ದನ್ನು ಅದರ ಪರಿಚಯವೇ ಇಲ್ಲದ ಮತ್ತೊಂದು ವಿಧಾನವೂ ಹೇಳಿದಾಗ ನಾವು ನಂಬಲು ಸಿದ್ಧರಾಗಿದ್ದೇವೆ.

ಈ ಹಲಗೆ ಪಟ್ಟ ಪಾಡನ್ನು ನೆನೆದರೆ, ಪರೀಕ್ಷೆ ಮಾಡಲು ಅದು ಉಳಿದಿರುವುದೇ ಹೆಚ್ಚು. ೧೮೩೦ರ ದಂಗೆಯ ಬಳಿಕ ಅದನ್ನು ಬಚ್ಚಿಟ್ಟು ಪ್ಯಾರಿಸಿಗೆ ಸಾಗಿಸಿದರು; ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕ್ರಾಕೋಗೆ ತಂದರು; ೧೯೩೯ರಲ್ಲಿ ಜರ್ಮನರು ಅದನ್ನು ಕಿತ್ತುಕೊಂಡು ಬರ್ಲಿನ್ನಿಗೆ ಒಯ್ದರು; ಪೋಲೆಂಡನ್ನು ಆಳಲು ಬಂದ ನಾಜಿ ಅಧಿಕಾರಿ ಹಾನ್ಸ್ ಫ್ರಾಂಕ್ ಅದನ್ನು ಕ್ರಾಕೋಗೆ ತರಿಸಿ ತನ್ನ ನಿವಾಸದಲ್ಲಿ ಇಟ್ಟುಕೊಂಡನು; ೧೯೪೫ರಲ್ಲಿ ಬವೇರಿಯಾದಲ್ಲಿ ಅಮೆರಿಕದ ಸೈನಿಕರ ಕೈಗೆ ಸಿಕ್ಕಿ ಮರುವರ್ಷ ಕ್ರಾಕೋಗೆ ಹಿಂದಿರುಗಿತು. ೨೦೧೬ರ ಡಿಸೆಂಬರಿನಲ್ಲಿ ಪೋಲೆಂಡ್ ಸರಕಾರವು ಚಾರ್ತೊರಿಸ್ಕಿ ಮನೆತನದ ಇಡೀ ಸಂಗ್ರಹವನ್ನು ಹತ್ತು ಕೋಟಿ ಯೂರೋ ಕೊಟ್ಟು ಕೊಂಡುಕೊಂಡಿತು.

ಅವಗೆಂಪಿನ ಉಪಕರಣ ನಮ್ಮ ವಿದ್ಯಾರ್ಥಿಗಳ ಕೈಗೆ ಎಟುಕದು. ಆದರೆ ಅದರ ತತ್ತ್ವವನ್ನು ನಾಲ್ಕಾಣೆಯ ಖರ್ಚೂ ಇಲ್ಲದೆ ಮನೆಯಲ್ಲಿಯೇ ನೋಡಬಹುದು. ಬಿಳಿಯ ಕಾಗದದ ಮೇಲೆ ಸೀಸದ ಕಡ್ಡಿಯಿಂದ ಒಂದು ಹೆಸರನ್ನು ಸಣ್ಣದಾಗಿ ಬರೆಯಿರಿ. ಅದರ ಮೇಲೆ ಕೆಂಪು ಶಾಯಿಯ ಲೇಖನಿಯಿಂದ ಅಡ್ಡಾದಿಡ್ಡಿಯಾಗಿ ಗೀಚಿ, ಹೆಸರು ಓದಲಾಗದಂತೆ ಮಾಡಿರಿ. ಈಗ ಕತ್ತಲೆಯ ಕೋಣೆಯಲ್ಲಿ, ದೀಪದ ಮುಂದೆ ಅಚ್ಚ ಕೆಂಪಾದ ಪಾರದರ್ಶಕ ಹಾಳೆಯೊಂದನ್ನು ಹಿಡಿದು, ಆ ಕೆಂಪು ಬೆಳಕಿನಲ್ಲಿ ಕಾಗದವನ್ನು ನೋಡಿರಿ. ಕೆಂಪು ಶಾಯಿ ಕೆಂಪು ಬೆಳಕನ್ನು ಹೀರುವುದಿಲ್ಲವಾದುದರಿಂದ ಗೀಚು ಕಾಗದದ ಬಿಳುಪಿನಲ್ಲಿ ಬೆರೆತು ಮಾಯವಾಗುತ್ತದೆ. ಕಡ್ಡಿಯ ಇಂಗಾಲ ಮಾತ್ರ ಕಪ್ಪಾಗಿ ನಿಲ್ಲುತ್ತದೆ, ಹೆಸರನ್ನು ಓದಬಹುದು. ಬಳಿಕ ಇನ್ನೊಂದು ಕಾಗದದ ಮೇಲೆ ಹೆಸರನ್ನೂ ಕೆಂಪು ಶಾಯಿಯಿಂದಲೇ ಬರೆದು ನೋಡಿರಿ. ಈ ಸಲ ಏನೂ ಕಾಣುವುದಿಲ್ಲ. ಲಿಯೊನಾರ್ಡೊಗೆ ಕೆಂಪು ಕಾವಿಯ ಕಡ್ಡಿಯಿಂದ ಚಿತ್ರ ಬರೆಯುವುದೂ ಬಲು ಇಷ್ಟವಾಗಿತ್ತು; ಕಾವಿ ಅವಗೆಂಪು ಕಿರಣಗಳನ್ನು ಹೆಚ್ಚಾಗಿ ಹೀರದು. ಈ ಹಲಗೆಯ ಮೇಲೆ ಅವನು ಎಲ್ಲಿಯಾದರೂ ಕಾವಿಯ ಗೆರೆ ಎಳೆದಿದ್ದರೆ ಅದು ಅವಗೆಂಪಿನ ಚಿತ್ರದಲ್ಲಿ ಸಿಕ್ಕುವುದಿಲ್ಲ. ಅದನ್ನು ಬೇರೆ ಯಾವುದಾದರೂ ದಾರಿಯಿಂದಲೇ ಹುಡುಕಬೇಕು.